ನಾಲ್ಕು ಜನ, ಒಂದು ಟೆಂಟ್: ಇಲ್ಲಿಯವರೆಗಿನ ಲೆಕ್ಕ

ಸೆಪ್ಟೆಂಬರ್

ಟೆಂಟ್ ಕೊಳ್ಳುವ ಮೊದಲು ಹಾಲ್‌ನಲ್ಲಿ ರಂಗೋಲಿ ಪುಡಿಯಿಂದ ಒಂದು ಚೌಕ ಎಳೆದೆ. 240 ಸೆಂ.ಮೀ. ಅಗಲ, 210 ಸೆಂ.ಮೀ. ಉದ್ದ. ‘ನಾಲ್ಕು ಜನಕ್ಕೆ’ ಎಂದು ಮಾರುವ ಸಾಮಾನ್ಯ ಗುಮ್ಮಟದ ಟೆಂಟ್‌ಗಳ ನೆಲ ಹೆಚ್ಚುಕಮ್ಮಿ ಇಷ್ಟೇ ಇರುತ್ತದೆ. ಒಬ್ಬರ ಪಾಲಿಗೆ 60 ಸೆಂ.ಮೀ., ಅಂದರೆ ಎರಡಡಿ. ನಾವಿಬ್ಬರು, ಒಂಬತ್ತು ವರ್ಷದ ಮಗ, ಐದು ವರ್ಷದ ಮಗಳು ಸಾಲಾಗಿ ಮಲಗಿ ನೋಡಿದೆವು. ಹಿಡಿಸಿತು. ಬ್ಯಾಗಿಗೆ ಮಾತ್ರ ಜಾಗ ಉಳಿಯಲಿಲ್ಲ. 180 ಸೆಂ.ಮೀ.ಗೆ ಇಳಿಸಿದಾಗ ಮಗಳು ಗೆರೆಯಿಂದ ಆಚೆ ಹೋದಳು. ನಾಲ್ವರೂ ದೊಡ್ಡವರಾಗಿದ್ದರೆ ಆರು ಜನರದ್ದೇ ಬೇಕಿತ್ತು. ಡಬ್ಬಿಯ ಮೇಲಿನ ಸಂಖ್ಯೆ ಪಕ್ಕಕ್ಕೂ ಹೊರಳದೆ ಮಲಗುವವರ ಲೆಕ್ಕ, ಅಲ್ವಾ?

ಒಟ್ಟು ಖರ್ಚು ಹತ್ತು ಸಾವಿರ ದಾಟಬಾರದು ಎಂದು ಇಬ್ಬರೂ ಒಪ್ಪಿದ್ದೇವೆ. ಅದರಲ್ಲಿ ಟೆಂಟ್‌ಗೆ ಏಳು ಸಾವಿರ. ಹಾಸಿಗೆ, ಪಾತ್ರೆ, ಒಲೆ ಎಲ್ಲ ಮನೆಯದೇ.

ಇನ್ನೊಂದು ಷರತ್ತು ತೂಕ. ಕೊನೆಗೆ ಹೋಗಬೇಕೆಂದಿರುವುದು ಶರಾವತಿ ಹಿನ್ನೀರಿನ ಕಡೆಗೆ. ತಾಳಗುಪ್ಪದ ರೈಲು ನಮ್ಮ ತುಮಕೂರಿನ ಮೇಲೆಯೇ ಹೋಗುತ್ತದೆ. ಪೆಟ್ರೋಲ್ ಉಳಿಯುತ್ತದೆ, ಆದರೆ ಟೆಂಟ್ ಹೆಗಲ ಮೇಲೆ ಬರಬೇಕು. ಹಾಗಾಗಿ ಒಳಗೆ ನಿಂತು ಓಡಾಡಬಹುದಾದ ದೊಡ್ಡ ಟೆಂಟ್‌ಗಳು ಪಟ್ಟಿಯಿಂದ ಹೋದವು. ಅವು ಹತ್ತು ಕೆ.ಜಿ. ದಾಟುತ್ತವೆ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಬಗೆಯದೂ ಹೋಯಿತು. ಬಿಚ್ಚುವುದೇನೋ ಕ್ಷಣದ ಕೆಲಸ, ಮಡಚಿದ ಮೇಲೂ ದೋಸೆ ಕಾವಲಿಯಂಥ ಅಗಲದ ಚಕ್ರ. ಸೀಟಿನಡಿ ತಳ್ಳಲು ಆಗುವುದಿಲ್ಲ.

ಅಕ್ಟೋಬರ್

ಬೆಂಗಳೂರಿಗೆ ಹೋದಾಗ ಡೆಕತ್ಲಾನ್ ಅಂಗಡಿಯಲ್ಲಿ ಹಾಕಿಟ್ಟಿದ್ದ ಟೆಂಟ್‌ಗಳೊಳಗೆ ಮಕ್ಕಳು ನುಗ್ಗಿ ನುಗ್ಗಿ ಬಂದರು. ನಾನು ಹೊಲಿಗೆ ನೋಡುತ್ತಿದ್ದೆ.

ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೂ ಟೆಂಟ್ ಸಿಗುತ್ತದೆ. ಅವುಗಳಲ್ಲಿ ಬಹಳಷ್ಟು ಒಂದೇ ಪದರದವು. ‘ವಾಟರ್‌ಪ್ರೂಫ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ, ಅಂಕಿ ಮಾತ್ರ ಕೊಡುವುದಿಲ್ಲ. ಆ ಅಂಕಿ ಮಿಲಿಮೀಟರ್‌ನಲ್ಲಿರುತ್ತದೆ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರಕ್ಕೆ ಬಂದಾಗ ಕೆಳಗೆ ಜಿನುಗಲು ಶುರುವಾಗುತ್ತದೆ ಎಂಬ ಲೆಕ್ಕ ಅದು. ಹೊರಗಿನ ಹೊದಿಕೆಗೆ 1500 ಇದ್ದರೆ ಸಾಮಾನ್ಯ ಮಳೆಗೆ ಸಾಕು. ನೆಲಕ್ಕೆ ಇನ್ನೂ ಜಾಸ್ತಿ ಬೇಕು, ಯಾಕೆಂದರೆ ಮೊಣಕಾಲೂರಿದಾಗ ಒದ್ದೆ ಮಣ್ಣಿನ ನೀರು ಬಟ್ಟೆಯೊಳಗೆ ಒತ್ತಿಕೊಂಡು ಬರುತ್ತದೆ.

ಆದರೂ ಮಳೆಯ ಅಂಕಿಗಾಗಿ ದುಡ್ಡು ಸುರಿಯುವುದು ನಮಗೆ ಸರಿ ಕಾಣಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮಕ್ಕಳನ್ನು ಟೆಂಟ್‌ನಲ್ಲಿ ಮಲಗಿಸುವ ಯೋಚನೆಯೇ ನಮಗಿಲ್ಲ. ಇಂಬಳದ ಕಾಟ ಒಂದೇ ಸಾಕು. ನಾವು ಹೋಗುವುದು ನವೆಂಬರ್‌ನಿಂದ ಫೆಬ್ರವರಿ ಒಳಗೆ. ಆಗ ಕಾಡುವುದು ಇಬ್ಬನಿ ಮತ್ತು ನಮ್ಮದೇ ಉಸಿರು. ಅದಕ್ಕೇ ಎರಡು ಪದರದ್ದು ಬೇಕು: ಒಳಗೆ ಸೊಳ್ಳೆ ಬಲೆ ಜಾಸ್ತಿ ಇರುವ ಗುಡಾರ, ಮೇಲೊಂದು ಬೇರೆಯೇ ಹೊದಿಕೆ, ನಡುವೆ ಗಾಳಿಯಾಡಲು ಸಂದು. ಕಂಬಗಳು ಫೈಬರ್‌ನವು. ಅಲ್ಯೂಮಿನಿಯಂ ಹಗುರ, ಗಟ್ಟಿ, ಆದರೆ ನಮ್ಮ ಏಳು ಸಾವಿರಕ್ಕೆ ಸಿಗಲಿಲ್ಲ.

ಕೊನೆಗೆ ಕೊಂಡಿದ್ದು ಐದು ಕೆ.ಜಿ. ಚಿಲ್ಲರೆ ತೂಗುವ, 2000 ಎಂದು ಬರೆದಿರುವ, ನಾಲ್ಕು ಜನರ ಗುಮ್ಮಟ. ಬಿಳಿಚು ಬಣ್ಣದ್ದು. ಕಡು ಬಣ್ಣದ ಟೆಂಟ್ ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಒಲೆಯಾಗುತ್ತದೆ.

ನವೆಂಬರ್, ತಾರಸಿ

ಸಿಮೆಂಟಿಗೆ ಗೂಟ ಇಳಿಯುವುದಿಲ್ಲ. ನೀರು ತುಂಬಿದ 20 ಲೀಟರ್ ಕ್ಯಾನ್‌ಗಳಿಗೆ ಮೂಲೆಗಳ ಹಗ್ಗ ಕಟ್ಟಿದೆವು. ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪ್ ಹಿಡಿದು ಸುತ್ತಲೂ ಮಳೆ ಸುರಿಸಿದೆ. ಮಗ ಟಾರ್ಚ್ ಹಿಡಿದು ಒಳಗೆ ಕಾವಲು ಕೂತಿದ್ದ. ಬಟ್ಟೆ ಎಲ್ಲೂ ಸೋರಲಿಲ್ಲ, ಹೊದಿಕೆಯ ಗಾಳಿಕಿಂಡಿ ಪಕ್ಕದ ಹೊಲಿಗೆ ಹನಿಯಿತು. ಒಣಗಿಸಿ, ಹೊಲಿಗೆಗೆ ಹಚ್ಚುವ ಸೀಲರ್ ಬಳಿದು, ಮರುದಿನ ಮತ್ತೆ ನೀರು ಬಿಟ್ಟೆ. ನಿಂತಿತು. ಟೆಂಟ್ ಹೊಸದಾಗಿದ್ದರೂ ಈ ಪರೀಕ್ಷೆ ಮನೆಯಲ್ಲೇ ಆಗಿಬಿಡಬೇಕು.

ಡಿಸೆಂಬರ್, ತಿಪಟೂರು

ದೇವರಾಯನದುರ್ಗ ನಮಗೆ ಹತ್ತಿರ. ಅಲ್ಲೇ ಹೋಗಬಹುದಲ್ವಾ ಎಂದು ಕೇಳಿದವರು ಬಹಳ ಜನ. ಅದು ಮೀಸಲು ಅರಣ್ಯ, ಚಿರತೆಗಳೂ ಇವೆ. ಅನುಮತಿಯಿಲ್ಲದೆ ಕಾಡಿನಲ್ಲಿ ರಾತ್ರಿ ಕಳೆಯುವುದು ಕಾನೂನಿಗೂ ವಿರುದ್ಧ, ಮಕ್ಕಳ ದೃಷ್ಟಿಯಿಂದಲೂ ಬೇಡ. ಹಾಗಾಗಿ ತಿಪಟೂರಿನ ಹತ್ತಿರ ಚಿಕ್ಕಮ್ಮನ ತೆಂಗಿನ ತೋಟಕ್ಕೆ ಹೋದೆವು. ಕೂಗಿದರೆ ಮನೆಗೆ ಕೇಳಿಸುವಷ್ಟೇ ದೂರ. ಬಾಡಿಗೆಯೂ ಇಲ್ಲ.

“ಏನೇ ಇದು, ಮನೇಲಿ ಇಷ್ಟು ಜಾಗ ಇದ್ರೂ ಮಕ್ಕಳನ್ನ ತೋಟದಲ್ಲಿ ಮಲಗಿಸ್ತೀಯಾ?” ಎಂದು ಚಿಕ್ಕಮ್ಮ ರೇಗಿದರು. ಚಿಕ್ಕಪ್ಪ ಮಾತ್ರ ಜಾಗ ತೋರಿಸಲು ನಮಗಿಂತ ಮೊದಲೇ ಎದ್ದಿದ್ದರು.

ತೆಂಗಿನ ತೋಟದಲ್ಲಿ ನೆರಳು ನೋಡಿ ಟೆಂಟ್ ಹಾಕುವಂತಿಲ್ಲ. ಕಾಯಿ ಬೀಳುತ್ತದೆ, ಒಣಗರಿ ಬೀಳುತ್ತದೆ. ಗರಿ 15 ಅಡಿಗೂ ಉದ್ದ ಬೆಳೆಯುತ್ತದೆ, ಅದರ ಬುಡದ ಮಟ್ಟೆಯ ತೂಕವೇನೂ ಕಮ್ಮಿಯಲ್ಲ. ಚಿಕ್ಕಪ್ಪನ ತೋಟದಲ್ಲಿ ಮರಗಳ ಅಂತರ 30 ಅಡಿ. ನಾಲ್ಕು ಮರಗಳ ನಟ್ಟನಡುವೆ ನಿಂತರೆ ಪ್ರತಿ ಮರವೂ 21 ಅಡಿ ದೂರ. ಅಲ್ಲೇ ಹಾಕಿದೆವು. ಅದಕ್ಕೂ ಮೊದಲು ಚಿಕ್ಕಪ್ಪ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ: ಇವತ್ತು ರಾತ್ರಿ ಯಾವ ಲೈನಿಗೆ ನೀರು? ತ್ರೀ ಫೇಸ್ ಕರೆಂಟು ರಾತ್ರಿ ಬರುವ ಪಾಳಿ ಅದು. ಆಟೋ ಸ್ಟಾರ್ಟರ್ ಇದ್ದರೆ ನಡುರಾತ್ರಿ ಮೋಟರ್ ತಾನೇ ಶುರುವಾಗುತ್ತದೆ, ಡ್ರಿಪ್ ಪೈಪು ನಿಮ್ಮ ಹಾಸಿಗೆಯಡಿ ತೊಟ್ಟಿಕ್ಕುತ್ತದೆ. ಆ ಕಡೆಯ ವಾಲ್ವ್ ತಿರುಗಿಸಿ ಬಂದರು.

ಟೆಂಟ್‌ನ ಅಡಿಗೆ ಟಾರ್ಪಾಲ್ ಹಾಸಿದೆವು. ಅದರ ಅಂಚು ಟೆಂಟ್‌ನಿಂದ ಹೊರಗೆ ಇಣುಕದ ಹಾಗೆ ಒಳಕ್ಕೆ ಮಡಚಿದೆ. ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ನೀರು ಟಾರ್ಪಾಲ್ ಮೇಲೆ ನಿಂತು ಅಡಿಗೇ ಹರಿಯುತ್ತದೆ. ಒಳಗೆ ಜಮಖಾನ, ಫೋಮ್ ಮ್ಯಾಟ್, ಅದರ ಮೇಲೆ ಚಳ್ಳಕೆರೆ ಕಂಬಳಿ. ಕಂಬಳಿ ಹೊದೆಯುವುದಕ್ಕಿಂತ ಹಾಸಿಕೊಂಡಾಗ ಬೆಚ್ಚಗೆನಿಸಿತು. ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುತ್ತಾ ಇರುತ್ತದೆ, ಮೇಲೆ ಎಷ್ಟು ಹೊದ್ದರೂ ಅದು ನಿಲ್ಲುವುದಿಲ್ಲ.

ಗಾಳಿಕಿಂಡಿಯ ವಿಷಯ ತಿಳಿಯಬೇಕೆಂದೇ ಒಂದು ರಾತ್ರಿ ಮುಚ್ಚಿ, ಇನ್ನೊಂದು ರಾತ್ರಿ ತೆರೆದು ಮಲಗಿದೆವು. ಮುಚ್ಚಿದ ರಾತ್ರಿ ಹೊದಿಕೆಯ ಒಳಮೈ ಪೂರ್ತಿ ಒದ್ದೆ, ಕೈ ತಗುಲಿದರೆ ಹನಿ ಉದುರುತ್ತಿತ್ತು. ತೆರೆದ ರಾತ್ರಿ ತೇವ ತೀರಾ ಕಮ್ಮಿ, ಚಳಿ ಸ್ವಲ್ಪ ಜಾಸ್ತಿ. ಚಳಿಗೆ ಟೋಪಿ, ಕಾಲುಚೀಲ ಇವೆ. ಒದ್ದೆ ಹಾಸಿಗೆಗೆ ಏನೂ ಇಲ್ಲ. ಎರಡೂ ರಾತ್ರಿ ಬಾಗಿಲ ಜಿಪ್ ಮಾತ್ರ ಸದಾ ಮುಚ್ಚಿಯೇ ಇತ್ತು, ಚಪ್ಪಲಿಗಳು ಚೀಲದಲ್ಲಿ ಒಳಗೆ. ಹಾವು, ಚೇಳಿನ ಊರು ಅದು.

ಊಟದ ಬಗ್ಗೆ ಹೇಳುವಂಥದ್ದೇನಿಲ್ಲ. ಪುಳಿಯೋಗರೆ ಗೊಜ್ಜು, ಬಿಸಿ ಅನ್ನ, ಬೆಳಗ್ಗೆ ಅವಲಕ್ಕಿ. ಬೇಡ ಬೇಡವೆಂದರೂ ಚಿಕ್ಕಮ್ಮ ಮುದ್ದೆ, ಬಸ್ಸಾರು ಹೊತ್ತು ತಂದರು.

ಜನವರಿ

ಟೆಂಟ್, ಫೋಮ್ ಮ್ಯಾಟ್, ಟಾರ್ಪಾಲ್, ಸೀಲರ್ ಸೇರಿ ಹತ್ತು ಸಾವಿರದ ಒಳಗೇ ಇದ್ದೇವೆ. ತೋಟದ ಮೆತ್ತನೆ ಮಣ್ಣಿಗೆ ಟೆಂಟ್ ಜೊತೆ ಬಂದ ತಂತಿ ಗೂಟ ಸಾಕಾಯಿತು. ಸಾಗರದ ಕಡೆ ಜಂಬಿಟ್ಟಿಗೆ ನೆಲ, ಅಲ್ಲಿ ಅವು ಬಗ್ಗಿಹೋಗುತ್ತವೆ. ಹಾರ್ಡ್‌ವೇರ್ ಅಂಗಡಿಯಿಂದ ಆರಿಂಚಿನ ಮೊಳೆ ತಂದಿದ್ದೇನೆ. ಕಂಬ ಸೀಳಿದರೆ ತೊಡಿಸಲು ಒಂದು ಲೋಹದ ಕೊಳವೆಯ ತುಂಡೂ ಚೀಲ ಸೇರಿದೆ.

ಹಿನ್ನೀರಿನ ದಡದಲ್ಲಿ ಕಂಡಲ್ಲಿ ಟೆಂಟ್ ಹೊಡೆಯುವ ಯೋಚನೆ ಇಲ್ಲ. ಹೊನ್ನೆಮರಡುವಿನಲ್ಲಿ ಕ್ಯಾಂಪ್ ನಡೆಸುವವರನ್ನು ಮೊದಲು ಕೇಳಬೇಕು. ನಮ್ಮದೇ ಟೆಂಟ್‌ಗೆ ಜಾಗ ಕೊಟ್ಟರೆ ಫೆಬ್ರವರಿ, ಇಲ್ಲವಾದರೆ ಸಾಗರದ ಸುತ್ತ ಅಂಗಳವಿರುವ ಹೋಂಸ್ಟೇ ಹುಡುಕಬೇಕು.

ಹೊರೆ ಹಂಚಿಕೆ ಹೀಗೆ: ಒಳಗುಡಾರ ಇವರಿಗೆ, ಹೊದಿಕೆ ನನಗೆ, ಕಂಬಗಳು ಮಗನಿಗೆ. ಮಗಳು ಮೊಳೆಯ ಡಬ್ಬಿ ಕೇಳುತ್ತಿದ್ದಾಳೆ. ಅವಳಿಗೆ ಟಾರ್ಚ್ ಕೊಟ್ಟು ಒಪ್ಪಿಸುವ ಮಾತುಕತೆ ನಡೆದಿದೆ.