ಬಾಯಿಮಾತಿನ ಊರಲ್ಲಿ ರಾಕ್ ಬ್ಯಾಂಡ್

ನಮ್ಮದು ಧಾರವಾಡದ ಬ್ಯಾಂಡ್. ನಾಲ್ಕು ಜನ. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್ಸ್. ಹಾಡುಗಳು ಹೆಚ್ಚಾಗಿ ನಮ್ಮವೇ, ಎಲ್ಲ ಕನ್ನಡದಲ್ಲೇ. ಬೆನ್ನಿಗೆ ಯಾವ ಕಂಪನಿಯೂ ಇಲ್ಲ. ನಾನು ಬೇಸ್ ನುಡಿಸುತ್ತೇನೆ. ಜೊತೆಗೆ ಬ್ಯಾಂಡಿನಲ್ಲಿ ಉಳಿದವರಿಗೆ ಬೇಡವಾದ ಕೆಲಸಗಳೆಲ್ಲ ನನ್ನ ಪಾಲಿಗೆ ಬಂದಿವೆ. ಫೋನ್ ಮಾಡುವುದು, ದುಡ್ಡು ಕೇಳುವುದು, ಗಾಡಿ ಗೊತ್ತು ಮಾಡುವುದು, ಯಾರು ಎಷ್ಟು ಕೊಟ್ಟರು ಅಂತ ಬರೆದಿಡುವುದು. ಇಲ್ಲಿ ಬರೆಯುತ್ತಿರುವುದು ಆ ಕೆಲಸಗಳ ಬಗ್ಗೆ. ಸಂಗೀತದ ಬಗ್ಗೆ ಕೇಳಬೇಕಾದರೆ ನಮ್ಮ ಗಿಟಾರ್‌ನವನನ್ನು ಹಿಡಿಯಿರಿ, ಬೆಳಗಾಗುವವರೆಗೆ ಬಿಡುವುದಿಲ್ಲ.

ನಮ್ಮ ಕಡೆ ಸಂಗೀತದ ವ್ಯವಹಾರ ಪೂರ್ತಿ ಬಾಯಿಮಾತಿನ ಮೇಲೆ ನಡೆಯುತ್ತದೆ. ಅದಕ್ಕೆ ಕಾರಣವೂ ಇದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರೆಲ್ಲ ಹಾಡಿದ ಸೀಮೆ ಇದು. ತಂಬೂರಿ, ತಬಲಾ, ಪೇಟಿ, ಒಂದೆರಡು ಮೈಕು ಇದ್ದರೆ ಬೈಠಕ್ ಶುರುವಾಗುತ್ತದೆ. ಹಾಡುವವರು ದುಡ್ಡಿನ ಮಾತು ಎತ್ತಬಾರದು ಅನ್ನುವ ಸಂಕೋಚ ಇನ್ನೂ ಹೋಗಿಲ್ಲ. 'ಮಾತಾಡೂನು ಬಿಡ್ರಿ' ಅಂದರೆ ಮುಗಿಯಿತು. ಆ ಲೋಕ ಹಾಗೇ ನಡೆದುಕೊಂಡು ಬಂದಿದೆ, ಅದನ್ನು ಆಡಿಕೊಳ್ಳುವಷ್ಟು ದೊಡ್ಡವನು ನಾನಲ್ಲ. ಆದರೆ ರಾಕ್ ಬ್ಯಾಂಡಿಗೆ ಆ ಲೆಕ್ಕ ಹೊಂದುವುದಿಲ್ಲ. ನಮ್ಮಲ್ಲಿ ಸಾಮಾನು ಜಾಸ್ತಿ, ವೈರು ಜಾಸ್ತಿ, ಪಾಲುದಾರರೂ ಜಾಸ್ತಿ. ಮೊದಲೇ ಬರೆದು ಕಳಿಸದೆ ಇದ್ದದ್ದು ವೇದಿಕೆ ಮೇಲೆ ಬಂದು ಕಾಲಿಗೆ ತೊಡರುತ್ತದೆ.

ಮೊದಲು ಸೌಂಡಿನವರ ವಿಷಯ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲೇ ಹೋದರೂ ಸೌಂಡ್ ಹಾಕುವವರು ಗಣೇಶ ಹಬ್ಬ, ಮದುವೆ, ಜಾತ್ರೆ, ನಾಟಕ, ಆರ್ಕೆಸ್ಟ್ರಾ ಮಾಡಿ ಪಳಗಿದವರು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡು, ರಿದಮ್ ಪ್ಯಾಡು ನೇರವಾಗಿ, ಎಲ್ಲ ಸದ್ದು ಬಂದು ಸೇರುವ ಮಿಕ್ಸರಿಗೆ ಹೋಗುತ್ತವೆ. ಮೈಕು ಬೇಕಾಗಿರುವುದು ಹಾಡುವವರಿಗೆ ಮಾತ್ರ. ನಮ್ಮ ಡ್ರಮ್ಸ್ ಒಂದಕ್ಕೇ ಆರು ಮೈಕು ಬೇಕು. ಹಾವೇರಿ ಕಡೆಯ ಸೌಂಡ್ ಅಣ್ಣ ಒಬ್ಬರು ನಾವು ಕಳಿಸಿದ ಮೈಕ್ ಲಿಸ್ಟ್ ನೋಡಿ ಫೋನ್ ಮಾಡಿದ್ದರು: 'ಹಾಡಾಂವ ಒಬ್ಬಾಂವ ಅದಾನಂತೀರಿ, ಮತ್ತ ಇಷ್ಟೆಲ್ಲ ಮೈಕ್ ಯಾಕ ಬೇಕ್ರಿ ತಮ್ಮಾ?' ಸರಿಯಾದ ಪ್ರಶ್ನೆ. ಅದನ್ನು ಕಾರ್ಯಕ್ರಮದ ಸಂಜೆ ಕೇಳುವ ಬದಲು ವಾರದ ಮೊದಲೇ ಕೇಳಿದರಲ್ಲ, ಲಿಸ್ಟ್ ಕಳಿಸಿದ್ದಕ್ಕೆ ಸಿಕ್ಕ ಲಾಭ ಅದು.

ಆ ಲಿಸ್ಟ್ ಒಂದೇ ಹಾಳೆ. ಮೊದಲ ಆರು ಡ್ರಮ್ಸಿನ ಬೇರೆ ಬೇರೆ ಭಾಗಕ್ಕೆ: ಕಿಕ್, ಸ್ನೇರ್, ಟಾಮ್, ಫ್ಲೋರ್ ಟಾಮ್, ಮೇಲೆ ಎರಡು ಓವರ್‌ಹೆಡ್. ಏಳನೆಯದು ಬೇಸ್, ಅದು ಮೈಕಿಲ್ಲದೆ, ವಾದ್ಯವನ್ನು ನೇರ ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸ್ ಮೂಲಕ. ಎಂಟು, ಒಂಬತ್ತು ಗಿಟಾರ್ ಆಂಪ್, ಅಂದರೆ ಗಿಟಾರಿನ ಸ್ಪೀಕರ್ ಪೆಟ್ಟಿಗೆಯ ಮುಂದೆ. ಹತ್ತು ಮುಖ್ಯ ಹಾಡುಗಾರನಿಗೆ, ಹನ್ನೊಂದು ಜೊತೆ ಹಾಡುವವನಿಗೆ. ಕೆಳಗೆ ಇನ್ನೊಂದು ಸಾಲು ಇದೆ, ನನ್ನ ಪ್ರಕಾರ ಹಾಳೆಯಲ್ಲಿ ಅದೇ ಮುಖ್ಯ: 'ಇಷ್ಟು ಇಲ್ಲದಿದ್ದರೆ ಐದು ಸಾಕು, ಕಿಕ್ ಒಂದು, ಡ್ರಮ್ಸ್ ಮೇಲೆ ಒಂದು, ಬೇಸ್, ಎರಡು ಹಾಡಿನ ಮೈಕ್.' ಸಣ್ಣ ಜಾಗದಲ್ಲಿ ಗಿಟಾರ್ ಆಂಪಿನ ಸದ್ದು ಹಾಗೇ ಸಾಕಾಗುತ್ತದೆ. ಈ ಸಾಲು ಬರೆದ ಮೇಲೆ 'ನಮ್ಮ ಹಂತೇಲೆ ಅಷ್ಟ ಇಲ್ರಿ' ಅಂತ ಕಾರ್ಯಕ್ರಮವೇ ಕೈಬಿಡುವುದು ತಪ್ಪಿತು. ಕೆಲವು ಬ್ಯಾಂಡಿನವರು ಇದ್ದರೆ ಪೂರ್ತಿ ಇರಲಿ, ಇಲ್ಲದಿದ್ದರೆ ಹತ್ತುವುದೇ ಇಲ್ಲ ಅನ್ನುತ್ತಾರೆ. ಬೆಂಗಳೂರಿನಲ್ಲಿ ಅದು ನಡೆಯಬಹುದು. ಶಿಗ್ಗಾಂವಿಯಲ್ಲಿ ನಡೆಯುವುದಿಲ್ಲ.

ಜೊತೆಗೆ ವೇದಿಕೆಯ ಒಂದು ಚಿತ್ರ ಬಿಡಿಸಿ ಕಳಿಸಬೇಕು. ಯಾರು ಎಲ್ಲಿ ನಿಲ್ಲುತ್ತಾರೆ, ಕರೆಂಟ್ ಪಾಯಿಂಟ್ ಎಲ್ಲಿ ಬೇಕು, ನಮ್ಮ ಸದ್ದು ನಮಗೇ ಕೇಳಿಸುವ ಸ್ಪೀಕರ್, ಅಂದರೆ ಮಾನಿಟರ್ ಎಲ್ಲಿ ಇಡಬೇಕು. ಎಡ, ಬಲ ಅಂತ ಸುಮ್ನೆ ಬರೆದರೆ ಗೊಂದಲ ಪಕ್ಕಾ. ನಮ್ಮ ಎಡ ಅವರಿಗೆ ಬಲ. ಹಾಳೆಯ ಕೆಳಗೆ ದೊಡ್ಡದಾಗಿ 'ಜನ ಈ ಕಡೆ ಕೂತಿರುತ್ತಾರೆ' ಅಂತ ಬರೆದರೆ ಮುಗಿಯಿತು.

ಕರೆಂಟ್ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಮೈದಾನದ ಕಾರ್ಯಕ್ರಮಗಳಲ್ಲಿ ಮಿಕ್ಸರಿಗೆ ಒಂದು ಕಡೆಯಿಂದ ಲೈನ್, ವೇದಿಕೆಗೆ ಇನ್ನೊಂದು ಕಡೆಯಿಂದ, ನಡುವೆ ಎಲ್ಲೋ ಜನರೇಟರ್. ಒಂದು ಲೈನಿಗೆ ಅರ್ಥಿಂಗ್ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಗಿಟಾರಿನ ತಂತಿ ಆಂಪಿನ ಅರ್ಥಿಗೆ ಸೇರಿರುತ್ತದೆ. ಮೈಕಿನ ಜಾಲರಿ ಮಿಕ್ಸರಿನ ಅರ್ಥಿಗೆ. ಕೈ ತಂತಿಯ ಮೇಲೆ ಇಟ್ಟುಕೊಂಡು ತುಟಿ ಮೈಕಿಗೆ ತಾಗಿಸಿದರೆ ಆ ಎರಡು ಲೈನಿನ ನಡುವಿನ ವ್ಯತ್ಯಾಸ ಮೈಯೊಳಗೆ ಹಾದುಹೋಗುತ್ತದೆ. ಸಣ್ಣ ಝುಮ್ ಅಂತ ಆಗಿ ಬಿಟ್ಟರೆ ಅದೃಷ್ಟ, ದೊಡ್ಡದಾದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ನನ್ನ ಬ್ಯಾಗಿನಲ್ಲಿ ತಂತಿ, ಪಿಕ್ ಇಲ್ಲದಿದ್ದರೂ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದೇ ಇರುತ್ತದೆ. ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಸೊನ್ನೆಯ ಹತ್ತಿರ ತೋರಿಸಬೇಕು. ತೋರಿಸದಿದ್ದರೆ ಆಂಪ್, ಮಿಕ್ಸರ್ ಎರಡನ್ನೂ ಅರ್ಥಿಂಗ್ ಇರುವ ಒಂದೇ ಲೈನಿಗೆ ಹಾಕಿಸಿ ಮತ್ತೆ ನೋಡುತ್ತೇವೆ. ಗೊರ್ ಅನ್ನುವ ಸದ್ದು ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಅಲ್ಲಿ ನಾವು ಪ್ಲಗ್ ಚುಚ್ಚುವುದೇ ಇಲ್ಲ. ಇದನ್ನೂ ಹಾಳೆಯಲ್ಲಿ ಬರೆದಿದ್ದೇವೆ, ಸೀರಿಯಲ್ ಲೈಟಿಗೆ ಬೇರೆ ಲೈನ್ ಕೊಡಿ ಅನ್ನುವುದರ ಜೊತೆಗೆ.

ಇಷ್ಟು ಮಾಡಿದ ಮೇಲೂ ಕೊನೆಗೆ ನಮ್ಮ ಸದ್ದು ಇರುವುದು ಮಿಕ್ಸರ್ ಹತ್ತಿರ ನಿಂತವರ ಕೈಯಲ್ಲಿ. ಅವರಿಗೆ ಹಾಡಿನ ಪಟ್ಟಿ ಕೊಟ್ಟು, ಯಾವ ಹಾಡಿನಲ್ಲಿ ಎಕೋ ಬೇಡ, ಎಲ್ಲಿ ಗಿಟಾರ್ ಸೋಲೋ ಬರುತ್ತದೆ ಅಂತ ಗುರುತು ಮಾಡಿ ಕೊಡುತ್ತೇವೆ. ವೇದಿಕೆಯಿಂದ ಮೈಕಿನಲ್ಲಿ 'ಸೌಂಡ್, ಸೌಂಡ್' ಅಂತ ಸಾವಿರ ಜನರ ಮುಂದೆ ಬೈದರೆ ಯಾರಿಗೆ ಕೆಲಸ ಮಾಡೋಕೆ ಮನಸ್ಸು ಬರುತ್ತದೆ ಹೇಳಿ.

ಇನ್ನು ಆಯೋಜಕರು. ಕಾರ್ಯಕ್ರಮ ಎಂಟಕ್ಕೆ ಅಂತ ಹೇಳಿರುತ್ತಾರೆ. ದೀಪ ಹಚ್ಚಬೇಕು, ಸ್ವಾಗತ ಆಗಬೇಕು, ಗಣ್ಯರು ಬರಬೇಕು, ಬಂದವರಿಗೆಲ್ಲ ಶಾಲು ಹೊದಿಸಿ ಹಾರ ಹಾಕಬೇಕು, ಹಾರ ಹಾಕಿಸಿಕೊಂಡವರು ಎರಡು ಮಾತಾಡುತ್ತೇನೆ ಅಂತ ಇಪ್ಪತ್ತು ನಿಮಿಷ ಮಾತಾಡಬೇಕು. ಅಷ್ಟರಲ್ಲಿ ಗಂಟೆ ಒಂಬತ್ತೂವರೆ. ಹತ್ತಕ್ಕೆ ಪೊಲೀಸರು ಬರುತ್ತಾರೆ. ಅವರದ್ದೇನೂ ತಪ್ಪಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ನಮ್ಮ ಕಾರ್ಯಕ್ರಮ ಆ 15ರಲ್ಲಿ ಬಂದಿದೆಯೋ ಇಲ್ಲವೋ ಅನ್ನುವುದು ಆಯೋಜಕರಿಗೆ ಗೊತ್ತಿರಬೇಕು, ಎಷ್ಟೋ ಸಲ ಗೊತ್ತಿರುವುದಿಲ್ಲ.

ಇದಕ್ಕೆ ನಾವು ಕಂಡುಕೊಂಡ ದಾರಿ ಸಣ್ಣದು. ಎರಡು ಹಾಡಿನ ಪಟ್ಟಿ ಇಟ್ಟುಕೊಂಡಿದ್ದೇವೆ, ಒಂದು ಗಂಟೆಯದ್ದು ಮತ್ತು ಇಪ್ಪತ್ತೈದು ನಿಮಿಷದ್ದು. ಚಿಕ್ಕದನ್ನೂ ಅಷ್ಟೇ ತಾಲೀಮು ಮಾಡುತ್ತೇವೆ, ಇಲ್ಲದಿದ್ದರೆ ದೊಡ್ಡ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದ ಹಾಗೆ ಕೇಳಿಸುತ್ತದೆ. ಕರಾರಿನಲ್ಲಿ ಒಂದು ಸಾಲು: 'ವೇದಿಕೆ ಎಷ್ಟು ತಡವಾಗಿ ಸಿಕ್ಕರೂ ಹತ್ತಕ್ಕೆ ಇಳಿಯುತ್ತೇವೆ, ಸಂಭಾವನೆ ಪೂರ್ತಿ.' ಅರ್ಧ ದುಡ್ಡು ಮುಂಗಡ, ಉಳಿದದ್ದು ವೇದಿಕೆ ಹತ್ತುವ ಮುಂಚೆ. ಇಳಿದ ಮೇಲೆ ಕೇಳಿದರೆ ಖಜಾಂಚಿ ಊಟಕ್ಕೆ ಹೋಗಿರುತ್ತಾರೆ. ಯಾವಾಗಲೂ. ಯಾರಾದರೂ ಸಿನಿಮಾ ಹಾಡು ಬೇಕು ಅಂದರೆ ಅದರ ಲೈಸೆನ್ಸ್ ಆಯೋಜಕರದ್ದು ಅಂತಲೂ ಬರೆಸುತ್ತೇವೆ. ಇದನ್ನೆಲ್ಲ ವಕೀಲರ ಭಾಷೆಯಲ್ಲಿ ಬರೆದರೆ ಊರಿನವರು ಹೆದರುತ್ತಾರೆ. ನಾಲ್ಕು ಸಾಲು ಕನ್ನಡದಲ್ಲಿ ವಾಟ್ಸಾಪ್ ಮಾಡಿ, 'ಒಪ್ಪಿಗೆ ಐತಿ ಅಂತ ಒಂದ ಮಾತ ಬರದ ಕಳಸ್ರಿ ಸರ್' ಅಂದರೆ ಎಲ್ಲರೂ ಕಳಿಸುತ್ತಾರೆ.

ಈಗ ರೆಕಾರ್ಡಿಂಗ್. ಇಲ್ಲಿ ಜಗಳ ಬರುವುದು ಹೊರಗಿನವರ ಜೊತೆ ಅಲ್ಲ, ನಮ್ಮ ನಮ್ಮಲ್ಲೇ.

ಡ್ರಮ್ಸನ್ನು ಸ್ಟುಡಿಯೋದಲ್ಲಿ ಮಾಡುತ್ತೇವೆ, ಮನೆಯಲ್ಲಿ ಸಾಧ್ಯವಿಲ್ಲ. ಉಳಿದದ್ದು ಧಾರವಾಡದ ಮನೆಯ ರೂಮಿನಲ್ಲಿ. ಹಾಡುವುದಕ್ಕೆ ರಾತ್ರಿಯೇ ಆಗಬೇಕು. ಮಳೆಗಾಲದಲ್ಲಿ ಅದೂ ಇಲ್ಲ, ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದಿಲ್ಲ, ತಗಡಿನ ಸದ್ದು ಎಲ್ಲ ಮೈಕಿಗೂ ಬರುತ್ತದೆ. ಬೇರೆ ಬೇರೆ ರೆಕಾರ್ಡ್ ಮಾಡಿದ್ದನ್ನು ಹದವಾಗಿ ಸೇರಿಸುವವರು, ಅಂದರೆ ಮಿಕ್ಸಿಂಗ್ ಮಾಡುವವರು, ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಕಳಿಸುವ ಪ್ರತಿ ಫೈಲೂ ಹಾಡಿನ ಸೊನ್ನೆಯಿಂದಲೇ ಶುರುವಾಗಬೇಕು, ಗಿಟಾರ್ ಮೂರನೇ ನಿಮಿಷಕ್ಕೆ ಬಂದರೂ ಅಷ್ಟೇ. ಫೈಲಿನ ಹೆಸರಿನಲ್ಲಿ ಹಾಡು, ವಾದ್ಯ, ಎಷ್ಟನೇ ಟೇಕ್ ಇರಬೇಕು. 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಅಂತ ಹೆಸರಿಟ್ಟು ಕಳಿಸಿದರೆ ಅವರು ಬೈಯುತ್ತಾರೆ, ಬೈಯಲಿ.

ಮಿಕ್ಸ್ ಬಂದ ಮೇಲೆ ನಾಲ್ಕು ಜನರೂ ಫೋನಿನಲ್ಲಿ ಒಂದೊಂದು ಹೇಳಿದರೆ ಕೆಲಸ ಕೆಟ್ಟಿತು. ಹಾಡುವವನಿಗೆ ತನ್ನ ದನಿ ಸಣ್ಣದಾಗಿ ಕೇಳುತ್ತದೆ, ಡ್ರಮ್ಸಿನವನಿಗೆ ಡ್ರಮ್ಸ್ ಸಣ್ಣದಾಗಿ ಕೇಳುತ್ತದೆ. ನಾವು ಮಾಡುವುದು ಇಷ್ಟು: ಎಲ್ಲರೂ ಇಯರ್‌ಫೋನಿನಲ್ಲಿ ಒಮ್ಮೆ, ಗಾಡಿಯಲ್ಲಿ ಒಮ್ಮೆ, ಫೋನಿನ ಸಣ್ಣ ಸ್ಪೀಕರಿನಲ್ಲಿ ಒಮ್ಮೆ ಕೇಳಿ, ಹೊತ್ತು ಹಾಕಿ ಬರೆಯಬೇಕು. '1:42ಕ್ಕೆ ಸ್ನೇರ್ ಹಾಡನ್ನು ಮುಚ್ಚುತ್ತಿದೆ' ಅಂತ. ಹೊತ್ತು ಇಲ್ಲದ ದೂರು ಲೆಕ್ಕಕ್ಕಿಲ್ಲ. ಇದರಿಂದ ಅರ್ಧ ದೂರುಗಳು ತಾವಾಗಿಯೇ ಮಾಯವಾಗುತ್ತವೆ, ಯಾಕೆಂದರೆ ಹೊತ್ತು ಹುಡುಕುವಾಗ ಎರಡನೇ ಸಲ ಕೇಳಬೇಕಾಗುತ್ತದೆ.

ಹಾಡಿನಲ್ಲಿ ಯಾರದ್ದು ಎಷ್ಟು ಅನ್ನುವ ಪಾಲಿನ ಚೀಟಿಯನ್ನು ಮಾತ್ರ ಹಾಡು ಮುಗಿದ ದಿನವೇ ಬರೆಯಬೇಕು. ಕಾನೂನು ಸಾಹಿತ್ಯ ಬೇರೆ, ಸಂಗೀತ ಬೇರೆ, ರೆಕಾರ್ಡಿಂಗ್ ಬೇರೆ ಅಂತ ಮೂರು ಹಕ್ಕು ನೋಡುತ್ತದೆ. ರೆಕಾರ್ಡಿಂಗ್ ಹಕ್ಕು ಅದನ್ನು ಮಾಡಿಸಿದವರದ್ದು. ನಮ್ಮಲ್ಲಿ ನಾಲ್ವರೂ ದುಡ್ಡು ಹಾಕಿದ್ದೇವೆ, ಆದ್ದರಿಂದ ನಾಲ್ವರದ್ದು. ಹಾಡಿನಲ್ಲಿ ಅರ್ಧ ಸಾಹಿತ್ಯದ್ದು, ಅದು ಬರೆದವನಿಗೆ, ಉಳಿದರ್ಧ ಸಂಗೀತದ್ದು, ಅದು ನಾಲ್ಕು ಸಮ ಪಾಲು ಅಂತ ನಾವು ಮಾಡಿಕೊಂಡಿದ್ದೇವೆ. ಬೇರೆ ಬ್ಯಾಂಡಿನಲ್ಲಿ ಬೇರೆ ಇರಬಹುದು. ರಾಗ ಹಾಕಿದ್ದು ನಾನು, ಡ್ರಮ್ಸಿನವನಿಗೆ ಯಾಕೆ ಪಾಲು ಅನ್ನುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ನಮ್ಮ ಎರಡು ಹಾಡು ಹುಟ್ಟಿದ್ದೇ ಡ್ರಮ್ಸ್ ಏಟಿನಿಂದ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ವಸೂಲು ಮಾಡಿಕೊಡುವ ಐಪಿಆರ್‌ಎಸ್‌ನಲ್ಲಿ ಹಾಡು ನೋಂದಾಯಿಸುವಾಗ ಈ ಲೆಕ್ಕ ಬೇಕೇ ಬೇಕು. ಹಾಡು ಓಡಿದ ಮೇಲೆ ಕೂತು ಮಾತಾಡಿದರೆ ಪ್ರತಿಯೊಬ್ಬನಿಗೂ ತನ್ನ ಪಾಲು ದೊಡ್ಡದಾಗಿ ನೆನಪಿರುತ್ತದೆ.

ನಮ್ಮ ಕಡೆಯ ಬ್ಯಾಂಡುಗಳಿಗೆ ಇಲ್ಲಿ ಇನ್ನೊಂದು ತೊಡಕು ಇದೆ, ಶಿಶುನಾಳ ಶರೀಫರು. ಹಾವೇರಿ ಜಿಲ್ಲೆಯ ಶಿಶುವಿನಹಾಳ ಇಲ್ಲೇ ಇದೆ, ತತ್ವಪದ ರಾಕಿಗೆ ಚೆನ್ನಾಗಿ ಕೂರುತ್ತದೆ, ಎಲ್ಲರೂ ಒಂದಾದರೂ ಮಾಡುತ್ತಾರೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಪದಗಳು ಎಲ್ಲರವು. ಆದರೆ ನಮಗೆ ಬಾಯಿಪಾಠವಾಗಿರುವ ಧಾಟಿಗಳಲ್ಲಿ ಬಹಳಷ್ಟು ಕ್ಯಾಸೆಟ್ಟಿನಿಂದ ಬಂದವು, ಸಿ. ಅಶ್ವತ್ಥ್ ಹಾಕಿದವು. ಅವರು ಹೋದದ್ದು 2009ರ ಡಿಸೆಂಬರಿನಲ್ಲಿ. ರಾಗ ಹಾಕಿದವರ ಹಕ್ಕು ಅವರ ನಂತರ 60 ವರ್ಷ ಇರುತ್ತದೆ, ಅಂದರೆ 2069 ಮುಗಿಯುವವರೆಗೆ. 'ಜಾನಪದ ಅಲ್ವಾ, ಯಾರು ಕೇಳ್ತಾರೆ' ಅಂತ ಆ ಧಾಟಿಯನ್ನೇ ರೆಕಾರ್ಡ್ ಮಾಡಿ ಹಾಕಿದರೆ ಕೇಳುವವರು ಕೇಳುತ್ತಾರೆ, ಕೇಳಬೇಕು ಕೂಡ. ಅದೇ ಧಾಟಿ ಬೇಕಾದರೆ ಲೈಸೆನ್ಸ್ ತೆಗೆದುಕೊಳ್ಳಿ. ನಾವು ಶಿಗ್ಗಾಂವಿ ಕಡೆಯ ಭಜನಾ ಮೇಳದ ಹಿರಿಯರ ಹತ್ತಿರ ಕೂತು ಹಳೆಯ ಧಾಟಿ ಕಲಿತೆವು. ಏಕತಾರಿ, ದಮಡಿ, ತಾಳ, ಅಷ್ಟೇ. ಅವರ ಲಯ, ರೆಕಾರ್ಡಿಂಗಿನಲ್ಲಿ ಒಂದೇ ವೇಗಕ್ಕೆ ಟಿಕ್ ಟಿಕ್ ಅನ್ನುವ ಕ್ಲಿಕ್ ಟ್ರ್ಯಾಕಿಗೆ ಕೂರುವುದೇ ಇಲ್ಲ. ಪಲ್ಲವಿಗೆ ಬರುವಾಗ ಸ್ವಲ್ಪ ಮುಂದೆ ಓಡುತ್ತಾರೆ, ನುಡಿಗೆ ಹೋದಾಗ ಹಿಂದೆ ಎಳೆಯುತ್ತಾರೆ. ಆ ಒಂದು ಹಾಡನ್ನು ಕೊನೆಗೆ ಕ್ಲಿಕ್ ತೆಗೆದು ನಾಲ್ವರೂ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿದೆವು. ಎಡಿಟಿಂಗ್ ಕಷ್ಟವಾಯಿತು, ಹಾಡು ಚೆನ್ನಾಗಿ ಬಂತು. ಚೀಟಿಯಲ್ಲಿ ಸಾಹಿತ್ಯದ ಎದುರು ಶರೀಫರ ಹೆಸರು, ಕಲಿಸಿದವರ ಹೆಸರು ಹಾಡಿನ ವಿವರದಲ್ಲಿ.

ಕೊನೆಗೆ ಹಾಡು ಹೊರಬಿಡುವ ಕೆಲಸ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರದ ಗುರುತಿನ ಸಂಖ್ಯೆ ಇರುತ್ತದೆ, ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಾಯಿಸಿದರೆ ಹಳೆಯ ಸಂಖ್ಯೆಯನ್ನೇ ಕೊಡಬೇಕು, ಇಲ್ಲದಿದ್ದರೆ ಇಷ್ಟು ದಿನ ಕೇಳಿದವರ ಲೆಕ್ಕ ಹೊಸದಾಗಿ ಹಾಕಿದ ಅದೇ ಹಾಡಿಗೆ ಬರದೇ ಹೋಗಬಹುದು. ಸ್ಪಾಟಿಫೈಯ ಪ್ಲೇಲಿಸ್ಟಿಗೆ ಸೇರಿಸಿ ಅಂತ ಕೇಳಿಕೊಳ್ಳುವುದಿದ್ದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು. ಬರುವ ದುಡ್ಡು ಗಾಡಿಯ ಡೀಸೆಲ್ಲಿಗೂ ಸಾಲುವುದಿಲ್ಲ, ಅದು ಬೇರೆ ಮಾತು. ಆದರೆ ಗದಗಿನಲ್ಲಿ ಕಾರ್ಯಕ್ರಮ ಕೇಳುವಾಗ 'ಹಾಡ ಎಲ್ಲಿ ಕೇಳಬೇಕ್ರಿ?' ಅಂದರೆ ಕಳಿಸೋಕೆ ಒಂದು ಲಿಂಕ್ ಬೇಕಲ್ಲ.

ನಮ್ಮ ಮೈಕ್ ಲಿಸ್ಟ್, ಕರಾರು, ಪಾಲಿನ ಚೀಟಿ ಮೂರೂ ಕನ್ನಡದಲ್ಲೇ ಇವೆ. ಹೊಸದಾಗಿ ಬ್ಯಾಂಡ್ ಕಟ್ಟಿದವರು ಕೇಳಿದರೆ ಕಳಿಸುತ್ತೇನೆ, ನಿಮ್ಮ ಹೆಸರು ಹಾಕಿಕೊಂಡು ಬಳಸಿ. ವೇದಿಕೆಯ ಚಿತ್ರ ನಾನೇ ಬಿಡಿಸಿದ್ದು, ಅದರಲ್ಲಿ ಡ್ರಮ್ಸ್ ಕುಕ್ಕರ್ ಜೋಡಿಸಿಟ್ಟ ಹಾಗೆ ಕಾಣುತ್ತದೆ, ಅದನ್ನು ಮಾತ್ರ ನೀವೇ ಬೇರೆ ಬಿಡಿಸಿಕೊಳ್ಳಿ.