ರಿಪೋರ್ಟಿನಲ್ಲಿ ‘ಕಂಡುಬಂದಿಲ್ಲ’ ಎಂದಿದ್ದರೆ

ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಜೀನ್ ಬದಲಾಗಿದೆ, ಅದಕ್ಕೆ ತಕ್ಕ ಔಷಧ ಇದೆಯೇ ಎಂದು ನೋಡುವ ಜೀನ್ ಪರೀಕ್ಷೆಯ ರಿಪೋರ್ಟ್ ಬಂದಾಗ ಎಲ್ಲರೂ ಮೊದಲು ಹುಡುಕುವುದು ಔಷಧದ ಹೆಸರನ್ನು. ಹೆಸರು ಕಾಣದಿದ್ದರೆ ಹಾಳೆ ಮಡಚಿಟ್ಟು ಕೀಮೋಥೆರಪಿಯ ಮಾತಿಗೆ ಇಳಿಯುತ್ತಾರೆ. ನನ್ನನ್ನು ಕೇಳಿದರೆ, ಓದಲು ಶುರುಮಾಡಬೇಕಾದದ್ದು ಯಾರೂ ತಿರುವಿ ನೋಡದ ಕೊನೆಯ ಪುಟದಿಂದ. ಮಾದರಿ ಯಾವುದು, ಅದರಲ್ಲಿ ಕ್ಯಾನ್ಸರ್ ಕೋಶ ಶೇಕಡಾ ಎಷ್ಟು, ಡಿಎನ್‌ಎ ಎಷ್ಟು ನ್ಯಾನೊಗ್ರಾಂ ಸಿಕ್ಕಿತು, ಡಿಎನ್‌ಎಯ ಒಂದೊಂದು ಜಾಗವನ್ನು ಅದರ ಅಕ್ಷರ ಓದುವ ಯಂತ್ರ ಎಷ್ಟು ಸಲ ಓದಿದೆ ಎಂಬುದೆಲ್ಲ ಇರುವುದು ಅಲ್ಲಿ. ‘ಮ್ಯುಟೇಷನ್ (ಜೀನಿನ ಬದಲಾವಣೆ) ಕಂಡುಬಂದಿಲ್ಲ’ ಎಂಬ ಸಾಲನ್ನು ಎಷ್ಟು ನಂಬಬಹುದು ಎಂದು ಹೇಳುವುದು ಈ ವಿವರಗಳೇ. ಯಂತ್ರ ಎಷ್ಟೇ ದುಬಾರಿಯದಿರಲಿ, ಕೊಟ್ಟ ಚೂರಿನಲ್ಲಿ ಇಲ್ಲದ್ದನ್ನು ಅದು ಓದಲಾರದು.

ಚೂರು ಕೆಡುವುದು ಬಯಾಪ್ಸಿ ಕೋಣೆಯಲ್ಲೇ ಶುರುವಾಗುತ್ತದೆ. ತೆಗೆದ ಮಾಂಸವನ್ನು ಒಂದು ಗಂಟೆಯೊಳಗೆ, ಅದನ್ನು ಕೆಡದಂತೆ ಹಿಡಿದಿಡುವ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಬೇಕು. ದ್ರವ ಮಾಂಸದ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು ಇರಬೇಕು. ಅದರಲ್ಲಿಡಲು ಸಾಮಾನ್ಯವಾಗಿ ಪಾಲಿಸುವ ಅವಧಿ 6ರಿಂದ 72 ಗಂಟೆ. ಕಡಿಮೆಯಾದರೆ ಒಳಭಾಗ ಹಸಿಯಾಗಿಯೇ ಉಳಿದು ಕೊಳೆಯುತ್ತದೆ. ವಾರಾಂತ್ಯದ ರಜೆಯಲ್ಲಿ ಡಬ್ಬಿಯಲ್ಲೇ ಬಿದ್ದಿದ್ದರೆ ಡಿಎನ್‌ಎ ಎಳೆಗಳು ಪ್ರೋಟೀನಿನ ಜೊತೆ ಗಂಟುಹಾಕಿಕೊಂಡು ತುಂಡುತುಂಡಾಗುತ್ತವೆ. ಇದಲ್ಲದೆ ಫಾರ್ಮಲಿನ್ ಇನ್ನೊಂದು ಕಿತಾಪತಿ ಮಾಡುತ್ತದೆ: ಡಿಎನ್‌ಎಯ ‘ಸಿ’ ಅಕ್ಷರವಾದ ಸೈಟೋಸಿನ್ ಅಮೈನೊ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗುತ್ತದೆ, ಯಂತ್ರ ಅದನ್ನು ‘ಟಿ’ ಎಂದು ಓದುತ್ತದೆ. ಹಳೆಯ ಬ್ಲಾಕಿನ (ಚೂರನ್ನು ಹುದುಗಿಸಿದ ಮೇಣದ ಅಚ್ಚು) ರಿಪೋರ್ಟಿನಲ್ಲಿ 1ರಿಂದ 5 ಶೇಕಡಾ ಮಟ್ಟದಲ್ಲಿ ಸಿ ಜಾಗದಲ್ಲಿ ಟಿ ಬಂದಿರುವ ಬದಲಾವಣೆಗಳು ರಾಶಿಯಾಗಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಲೈಬ್ರರಿ ತಯಾರಿಗೆ, ಅಂದರೆ ಡಿಎನ್‌ಎಯನ್ನು ಯಂತ್ರಕ್ಕೆ ಹದಗೊಳಿಸುವುದಕ್ಕೆ, ಮುಂಚೆ ಯುರಾಸಿಲ್-ಡಿಎನ್‌ಎ ಗ್ಲೈಕೋಸಿಲೇಸ್ ಕಿಣ್ವ ಹಾಕಿದರೆ ಬಹುಪಾಲು ತೊಳೆದುಹೋಗುತ್ತದೆ. ಆದರೆ ಮೀಥೈಲ್ ಗುಂಪು ಹೊತ್ತ ಸೈಟೋಸಿನ್ ಕೆಟ್ಟಾಗ ಆಗುವುದು ಯುರಾಸಿಲ್ ಅಲ್ಲ, ನೇರವಾಗಿ ಥೈಮಿನ್, ಅಂದರೆ ನಿಜವಾದ ‘ಟಿ’. ಅದರ ಮೇಲೆ ಈ ಕಿಣ್ವದ ಆಟ ನಡೆಯುವುದಿಲ್ಲ.

ಮೂಳೆಯ ಬಯಾಪ್ಸಿಯಾದರೆ ಇನ್ನೂ ಕಷ್ಟ. ಸುಣ್ಣದಂಶ ಕರಗಿಸಲು ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಸ್ಲೈಡ್ ಚೆನ್ನಾಗಿ ಬರುತ್ತದೆ, ಡಿಎನ್‌ಎ ಮಾತ್ರ ಹಾಳಾಗುತ್ತದೆ. ಇಡಿಟಿಎ ಎಂಬ ರಾಸಾಯನಿಕ ಬಳಸಿ ನಿಧಾನವಾಗಿ ಕರಗಿಸಿದರೆ ಎರಡೂ ಉಳಿಯುತ್ತವೆ. ಜೀನ್ ಪರೀಕ್ಷೆ ಬೇಕಾಗಬಹುದು ಎಂಬ ಒಂದು ಮಾತನ್ನು ಮನವಿ ಪತ್ರದಲ್ಲಿ ಮೊದಲೇ ಬರೆದರೆ ಸಾಕು. ಅದನ್ನೇ ಬರೆಯುವುದಿಲ್ಲ.

ಬ್ಲಾಕ್ ಕತ್ತರಿಸುವಾಗಲೂ ಪೋಲಾಗುತ್ತದೆ. ಸೂಜಿ ಬಯಾಪ್ಸಿಯ ಚೂರು ದಾರದಷ್ಟು ತೆಳು. ಮೈಕ್ರೋಟೋಮ್‌ಗೆ (ತೆಳು ಪದರ ಕತ್ತರಿಸುವ ಯಂತ್ರ) ಬ್ಲಾಕನ್ನು ಪ್ರತಿ ಸಲ ಮತ್ತೆ ಕೂರಿಸಿ ಮುಖ ಸಮ ಮಾಡುವಾಗ ಒಂದಷ್ಟು ಅಂಗಾಂಶ ಮೇಣದ ಹೊಟ್ಟಿನ ಜೊತೆ ಕಸಕ್ಕೆ ಹೋಗುತ್ತದೆ. ಇಂದು ಇಮ್ಯುನೊಹಿಸ್ಟೋಕೆಮಿಸ್ಟ್ರಿ (ಕೋಶದ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆ), ನಾಳೆ ಇನ್ನೆರಡು ಮಾರ್ಕರ್, ಮುಂದಿನ ವಾರ ಜೀನ್ ಪರೀಕ್ಷೆ ಎಂದು ಮೂರು ಸಲ ಕೂರಿಸಿದರೆ ಕೊನೆಗೆ ಉಳಿಯುವುದು ಬರೀ ಮೇಣ. ಮೊದಲ ಸಲವೇ ಬಣ್ಣ ಹಾಕದ ಹತ್ತು-ಹನ್ನೆರಡು ಸ್ಲೈಡುಗಳನ್ನು ಕತ್ತರಿಸಿ ಇಟ್ಟುಕೊಳ್ಳುವುದೇ ಜಾಣತನ. ಆ ಸರಣಿಯ ಮೊದಲ ಮತ್ತು ಕೊನೆಯ ಸ್ಲೈಡುಗಳಿಗೆ ಕೋಶಗಳನ್ನು ಎದ್ದು ತೋರಿಸುವ ಮಾಮೂಲಿ ಎಚ್ ಆ್ಯಂಡ್ ಇ ಬಣ್ಣ ಹಾಕಿ ನೋಡಬೇಕು. ಮೇಲೆ ಕ್ಯಾನ್ಸರ್ ಇದ್ದು ಕೆಳಗೆ ಬರೀ ನಾರು ಸಿಗುವುದು ಅಪರೂಪವೇನಲ್ಲ.

ಇನ್ನು ಕ್ಯಾನ್ಸರ್ ಕೋಶದ ಶೇಕಡಾವಾರು ಅಂದಾಜು. ಸ್ಲೈಡ್ ನೋಡಿ ರೋಗ ಗುರುತಿಸುವ ಪೆಥಾಲಜಿಸ್ಟ್ ಎಣಿಸಬೇಕಾದದ್ದು ಕೋಶಕೇಂದ್ರಗಳನ್ನು, ಅವು ಹರಡಿದ ಜಾಗವನ್ನಲ್ಲ. ಕ್ಯಾನ್ಸರ್ ಕೋಶ ದೊಡ್ಡದು, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಸಣ್ಣದು. ಕಣ್ಣಿಗೆ ಮುಕ್ಕಾಲು ಸ್ಲೈಡ್ ಕ್ಯಾನ್ಸರ್ ಎಂದೇ ಕಂಡರೂ, ಅಂಚಿನಲ್ಲಿ ಒತ್ತೊತ್ತಾಗಿ ಸೇರಿದ ಲಿಂಫೋಸೈಟುಗಳ ಲೆಕ್ಕ ಹಿಡಿದರೆ ಅರ್ಧಕ್ಕೂ ಹೆಚ್ಚು ಡಿಎನ್‌ಎ ಅವುಗಳದೇ ಆಗಿರಬಹುದು. ಇದಕ್ಕೆ ಮದ್ದು ಬಹಳ ಸರಳ: ಬಣ್ಣದ ಸ್ಲೈಡ್ ಮೇಲೆ ಪೆನ್ನಿನಿಂದ ಕ್ಯಾನ್ಸರ್ ಇರುವ ಜಾಗವನ್ನು ಸುತ್ತು ಹಾಕಿ, ಬಣ್ಣ ಹಾಕದ ಸ್ಲೈಡನ್ನು ಅದರ ಮೇಲಿಟ್ಟು, ಆ ಭಾಗವನ್ನಷ್ಟೇ ಬ್ಲೇಡಿನಿಂದ ಕೆರೆದು ಟ್ಯೂಬಿಗೆ ಹಾಕುವುದು. 15% ಇದ್ದ ಮಾದರಿ 50% ಆಗುವುದು ಈ ಒಂದು ಕೆಲಸದಿಂದ.

ಶೇಕಡಾ ಯಾಕೆ ಇಷ್ಟು ಮುಖ್ಯ ಎಂದರೆ, ರಿಪೋರ್ಟಿನಲ್ಲಿ ವಿಎಎಫ್ ಎಂದು ಬರೆಯುವ ಅಂಕಿ, ಅಂದರೆ ಒಟ್ಟು ಓದುಗಳಲ್ಲಿ ಬದಲಾದ ಓದುಗಳ ಪಾಲು, ನಿಂತಿರುವುದು ಅದರ ಮೇಲೆ. ಕೋಶದಲ್ಲಿ ಜೀನಿನ ಎರಡು ಪ್ರತಿ, ಬದಲಾವಣೆ ಒಂದರಲ್ಲಿ ಮಾತ್ರ ಎಂದುಕೊಳ್ಳಿ. ಕ್ಯಾನ್ಸರ್ ಕೋಶ 60% ಇದ್ದರೆ ವಿಎಎಫ್ 30% ಬರಬೇಕು. 20% ಇದ್ದರೆ 10%. ಆ ಬದಲಾವಣೆ ಅರ್ಧದಷ್ಟು ಕ್ಯಾನ್ಸರ್ ಕೋಶಗಳಲ್ಲಷ್ಟೇ ಇದ್ದರೆ 5%. ಅನೇಕ ಪ್ರಯೋಗಾಲಯಗಳು ವರದಿ ಮಾಡುವ ಕೆಳಮಿತಿಯೂ ಸರಿಸುಮಾರು ಅಷ್ಟೇ. ಡಿಎನ್‌ಎ ಓದುವ ಹಳೆಯ ಸ್ಯಾಂಗರ್ ವಿಧಾನದಲ್ಲಾದರೆ 15–20 ಶೇಕಡಾಕ್ಕಿಂತ ಕೆಳಗಿನದು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಕ್ಯಾನ್ಸರ್ ಕೋಶ 10% ಇದ್ದ ಮಾದರಿಯಲ್ಲಿ ‘ಕಂಡುಬಂದಿಲ್ಲ’ ಎಂದರೆ ಪರೀಕ್ಷೆ ಆಗಲೇ ಇಲ್ಲ ಎಂದುಕೊಳ್ಳುವುದು ವಾಸಿ.

ಓದಿನ ಆಳದ ವಿಷಯದಲ್ಲೂ ಒಂದು ಮೋಸವಿದೆ. ‘2000 ಸಲ ಓದಲಾಗಿದೆ’ ಎಂದು ಬರೆದಿರಬಹುದು. ಮೂಲದಲ್ಲಿ ಇದ್ದದ್ದು 200 ಅಣುಗಳೇ ಆಗಿದ್ದು, ಪಿಸಿಆರ್‌ನಲ್ಲಿ ನಕಲು ಮಾಡಿ ಮಾಡಿ 2000 ಮಾಡಿದ್ದರೆ, ನಿಜವಾದ ಆಳ 200 ಮಾತ್ರ. ಪ್ರತಿ ಮೂಲ ಅಣುವಿಗೂ ಬೇರೆ ಬೇರೆ ಗುರುತಿನ ಚೀಟಿಯಂಥ ಸಣ್ಣ ಅಕ್ಷರಸಾಲು ಅಂಟಿಸಿ, ಆಮೇಲೆ ನಕಲುಗಳನ್ನು ಒಂದುಗೂಡಿಸಿ ಎಣಿಸುವ ಲ್ಯಾಬ್ ಆದರೆ ಆ ಅಂಕಿಯನ್ನು ನಂಬಬಹುದು.

ಗಡ್ಡೆ ರಕ್ತಕ್ಕೆ ಬಿಟ್ಟ ಡಿಎನ್‌ಎಯನ್ನು ಹುಡುಕುವ ರಕ್ತದ ಪರೀಕ್ಷೆಗೆ ಈ ಲೆಕ್ಕ ಇನ್ನೂ ಬಿಗಿ. ಮನುಷ್ಯನ ಜೀನೋಮಿನ ಒಂದು ಪ್ರತಿಯ ತೂಕ ಸುಮಾರು 3.3 ಪಿಕೊಗ್ರಾಂ. 10 ನ್ಯಾನೊಗ್ರಾಂ ಡಿಎನ್‌ಎ ಎಂದರೆ ಸರಿಸುಮಾರು 3000 ಪ್ರತಿ. ಬದಲಾದ ಪ್ರತಿಗಳ ಪಾಲು 0.1% ಇದ್ದರೆ ಇಡೀ ಟ್ಯೂಬಿನಲ್ಲಿ ಬದಲಾದ ಅಣುಗಳು ಸರಾಸರಿ ಮೂರು. ಒಂದೂ ಬಾರದಿರುವ ಸಾಧ್ಯತೆ ಆಗಲೇ 5%. ಲೈಬ್ರರಿ ತಯಾರಿಯಲ್ಲಿ ಅರ್ಧ ಕಳೆದುಹೋದರೆ ಅದು 22 ಶೇಕಡಾಕ್ಕೆ ಏರುತ್ತದೆ. ಎಷ್ಟು ಆಳವಾಗಿ ಓದಿಸಿದರೂ ಇದು ಬದಲಾಗುವುದಿಲ್ಲ, ಹೆಚ್ಚು ರಕ್ತವನ್ನೇ ತೆಗೆಯಬೇಕು. ತೆಗೆದ ರಕ್ತ ಮಾಮೂಲಿ ಇಡಿಟಿಎ ಟ್ಯೂಬಿನಲ್ಲಿದ್ದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ (ಕಣಗಳಿಲ್ಲದ ದ್ರವಭಾಗ) ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎಯನ್ನು ಸುರಿಯುತ್ತವೆ, ಇದ್ದ 0.1% ಇನ್ನೂ ತೆಳುವಾಗುತ್ತದೆ. ದೂರದ ಊರಿಗೆ ಕಳಿಸುವುದಿದ್ದರೆ ಕಣಗಳನ್ನು ಒಡೆಯದಂತೆ ಹಿಡಿದಿಡುವ ವಿಶೇಷ ಟ್ಯೂಬುಗಳೇ ಬೇಕು. ರಕ್ತ ಹೆಪ್ಪುಗಟ್ಟಿದ ಮೇಲೆ ಸಿಗುವ ಸೀರಂ ಅಂತೂ ಬೇಡವೇ ಬೇಡ, ಹೆಪ್ಪುಗಟ್ಟುವಾಗಲೇ ಕಣಗಳು ಒಡೆದಿರುತ್ತವೆ.

ರಕ್ತದ ರಿಪೋರ್ಟಿನಲ್ಲಿ ಏನೋ ಸಿಕ್ಕಿತು ಎಂದಾಗಲೂ ನಿಂತು ಯೋಚಿಸಬೇಕು. ವಯಸ್ಸಾದಂತೆ ಮೂಳೆಮಜ್ಜೆಯಲ್ಲಿ ರಕ್ತ ತಯಾರಿಸುವ ಕಾಂಡಕೋಶಗಳಲ್ಲಿ ಕೆಲವು ತಮ್ಮದೇ ಬದಲಾವಣೆ ಹೊತ್ತು ಬೆಳೆಯುತ್ತವೆ. ಡಿಎನ್‌ಎಂಟಿ3ಎ, ಟೆಟ್2, ಎಎಸ್‌ಎಕ್ಸ್‌ಎಲ್1 ಹೀಗೆ ಬದಲಾಗುವ ಜೀನುಗಳಲ್ಲಿ ಮುಖ್ಯವಾದವು, ಒಮ್ಮೊಮ್ಮೆ ಟಿಪಿ53 ಕೂಡ. ಇವು ಗಡ್ಡೆಯವಲ್ಲ. ಅದೇ ಟ್ಯೂಬಿನ ಬಿಳಿ ರಕ್ತಕಣಗಳನ್ನೂ ಓದಿಸಿ ಹೋಲಿಸಿದರೆ ಒಂದೇ ಏಟಿಗೆ ಗೊತ್ತಾಗುತ್ತದೆ.

ಹುಟ್ಟಿನಿಂದ ಬಂದದ್ದೋ ಗಡ್ಡೆಯಲ್ಲೇ ಆದದ್ದೋ ಎಂದು ಕೇಳಿದರೆ ‘ವಿಎಎಫ್ 50% ಸುತ್ತಮುತ್ತ ಇದ್ದರೆ ಹುಟ್ಟಿನದು’ ಎಂಬ ಉತ್ತರ ಸಿಗುತ್ತದೆ. ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಕ್ಯಾನ್ಸರ್ ಕೋಶ 60%, ಅವುಗಳಲ್ಲಿ ಜೀನಿನ ಒಳ್ಳೆಯ ಪ್ರತಿ ಅಳಿದು ಕೆಟ್ಟದ್ದು ಒಂದೇ ಉಳಿದಿದೆ ಎಂದುಕೊಳ್ಳಿ. ಗಡ್ಡೆಯಲ್ಲಷ್ಟೇ ಆದ ಬದಲಾವಣೆಯೂ 0.6 ಭಾಗಿಸು 1.4, ಅಂದರೆ 43% ತೋರಿಸುತ್ತದೆ. ಹುಟ್ಟಿನದಾಗಿದ್ದರೆ ಅದೇ ಲೆಕ್ಕ 71 ಶೇಕಡಾಕ್ಕೆ ಹೋಗುತ್ತದೆ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ, ಕೆಟ್ಟರೆ ಮನೆತನದಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರ್ ತರಬಲ್ಲ ಜೀನುಗಳ ವಿಷಯದಲ್ಲಿ ಊಹೆಗೆ ಜಾಗವಿಲ್ಲ. ಉತ್ತರ ಮಕ್ಕಳಿಗೂ ಒಡಹುಟ್ಟಿದವರಿಗೂ ಬೇಕಾಗಿರುತ್ತದೆ, ರಕ್ತ ಅಥವಾ ಜೊಲ್ಲಿನಲ್ಲಿ ಬೇರೆಯಾಗಿ ಖಚಿತಪಡಿಸಲೇಬೇಕು.

ಮಾದರಿ ಚೆನ್ನಾಗಿದ್ದೂ ತಪ್ಪಿಹೋಗುವವು ಇನ್ನೊಂದು ಬಗೆಯವು. 2007ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಎಂಎಲ್4 ಮತ್ತು ಎಎಲ್‌ಕೆ ಜೀನುಗಳು ಬೆಸೆದುಕೊಂಡಿರುವುದು ಪತ್ತೆಯಾಯಿತು. ಇಂಥ ಬೆಸುಗೆಗಳು ಸಾಮಾನ್ಯವಾಗಿ ಒಡೆಯುವುದು ಇಂಟ್ರಾನುಗಳ, ಅಂದರೆ ಜೀನಿನ ಪ್ರೋಟೀನ್ ಬರಹದ ನಡುವೆ ಬರುವ ಭಾಗಗಳ, ಒಳಗೆ. ಎನ್‌ಟಿಆರ್‌ಕೆ ಜೀನುಗಳ ಕೆಲವು ಇಂಟ್ರಾನುಗಳು ಎಷ್ಟು ಉದ್ದ ಎಂದರೆ ಡಿಎನ್‌ಎ ಪ್ಯಾನೆಲ್ (ಆಯ್ದ ಜೀನುಗಳನ್ನು ಓದುವ ಪರೀಕ್ಷೆ) ಅವನ್ನು ಪೂರ್ತಿ ಹೊದಿಸುವುದೇ ಇಲ್ಲ. ಜೀನಿನಿಂದ ನಕಲಾಗುವ ಆರ್‌ಎನ್‌ಎಯಲ್ಲಿ ಇಂಟ್ರಾನು ಕತ್ತರಿಸಿಹೋಗಿ ಬೆಸುಗೆ ನೇರವಾಗಿ ಕಾಣುತ್ತದೆ. ಎಂಇಟಿ ಜೀನಿನ 14ನೇ ಎಕ್ಸಾನ್ (ಪ್ರೋಟೀನ್ ಬರಹದ ತುಣುಕು) ಬಿಟ್ಟುಹೋಗುವುದೂ ಇದೇ ಜಾತಿಯದು. ಸಿಗರೇಟು ಸೇದದವರ ಶ್ವಾಸಕೋಶದ ಅಡಿನೋಕಾರ್ಸಿನೋಮಾದಲ್ಲಿ (ಗ್ರಂಥಿಕೋಶದ ಕ್ಯಾನ್ಸರ್) ಇಜಿಎಫ್‌ಆರ್ ಜೀನಿನ ಬದಲಾವಣೆ ಇಲ್ಲ, ಕೆಆರ್‌ಎಎಸ್ ಇಲ್ಲ, ಬಿಆರ್‌ಎಎಫ್ ಇಲ್ಲ ಎಂದು ಡಿಎನ್‌ಎ ರಿಪೋರ್ಟ್ ಬಂದರೆ ಅಲ್ಲಿಗೇ ಬಿಡಬಾರದು, ಆರ್‌ಎನ್‌ಎ ಮಾಡಿಸಬೇಕು. ಫಾರ್ಮಲಿನ್ ಬ್ಲಾಕಿನಲ್ಲಿ ಆರ್‌ಎನ್‌ಎ ಡಿಎನ್‌ಎಗಿಂತ ಬೇಗ ಹಾಳಾಗುವುದರಿಂದ ಹೊಸ ಬ್ಲಾಕ್ ಇದ್ದರೆ ಅದನ್ನೇ ಕೊಡಿ.

ಸಿಕ್ಕಿದ ಬದಲಾವಣೆಗೆ ಔಷಧ ಇದ್ದೇ ಇದೆ ಎಂದೂ ಅಲ್ಲ, ಎಲ್ಲಿ ಸಿಕ್ಕಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಬಿಆರ್‌ಎಎಫ್ ಕೆಟ್ಟಿರುತ್ತದೆ, ಮುಖ್ಯವಾಗಿ ವಿ600ಇ ಎಂಬ ಬದಲಾವಣೆಯಿಂದ; ಅಲ್ಲಿ ಅದನ್ನು ತಡೆಯುವ ಮಾತ್ರೆಗೆ ಗಡ್ಡೆ ಕುಗ್ಗುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಅದೇ ಮಾತ್ರೆ ಒಂಟಿಯಾಗಿ ಕೆಲಸಕ್ಕೆ ಬರಲಿಲ್ಲ. ಬಿಆರ್‌ಎಎಫ್ ಮುಚ್ಚಿದ ತಕ್ಷಣ ಇಜಿಎಫ್‌ಆರ್ ಎಚ್ಚೆತ್ತು ಸಂಕೇತವನ್ನು ಬೇರೆ ದಾರಿಯಿಂದ ಸಾಗಿಸುತ್ತದೆ ಎಂದು 2012ರಲ್ಲಿ ತಿಳಿದುಬಂತು. ಎರಡನ್ನೂ ಒಟ್ಟಿಗೆ ತಡೆಯುವ ಎನ್‌ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2020ರಲ್ಲಿ.

ಔಷಧ ಕೆಲಸ ನಿಲ್ಲಿಸಿದಾಗ ಹಳೆಯ ಬ್ಲಾಕನ್ನೇ ಮತ್ತೆ ಓದಿಸುವವರಿದ್ದಾರೆ. ಅದರಿಂದ ಪ್ರಯೋಜನ ಕಡಿಮೆ, ಗಡ್ಡೆ ಅಲ್ಲಿಂದ ಮುಂದೆ ಬಂದಾಗಿದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ತಡೆಯುವ ಮಾತ್ರೆಗಳಾದ ಜೆಫಿಟಿನಿಬ್, ಎರ್ಲೊಟಿನಿಬ್ ಸೋತವರಲ್ಲಿ ಅರ್ಧದಷ್ಟು ಮಂದಿಗೆ ಕಾರಣ ಇಜಿಎಫ್‌ಆರ್‌ನ ಟಿ790ಎಂ ಎಂಬ ಬದಲಾವಣೆ. ಇದನ್ನು ರಕ್ತದಲ್ಲೇ ಹುಡುಕಬಹುದು, ಸಿಕ್ಕರೆ ಅದನ್ನೂ ತಡೆಯುವ ಒಸಿಮರ್ಟಿನಿಬ್ ಶುರುಮಾಡಬಹುದು. ಸಿಗದಿದ್ದರೆ ಅದೇ ರಕ್ತದಲ್ಲಿ ಅವರ ಮೂಲ ಬದಲಾವಣೆ, ಅಂದರೆ ಎಕ್ಸಾನ್ 19ರ ಅಳಿಕೆಯೋ ಎಲ್858ಆರೋ, ಕಂಡಿದೆಯೇ ನೋಡಿ. ಅದೂ ಇಲ್ಲದಿದ್ದರೆ ಗಡ್ಡೆ ರಕ್ತಕ್ಕೆ ಪತ್ತೆಯಾಗುವಷ್ಟು ಡಿಎನ್‌ಎ ಬಿಡುತ್ತಿಲ್ಲ, ಆ ನೆಗೆಟಿವ್ ಯಾವ ಲೆಕ್ಕಕ್ಕೂ ಇಲ್ಲ. ಮೂಲ ಬದಲಾವಣೆ ಕಂಡು ಟಿ790ಎಂ ಮಾತ್ರ ಇಲ್ಲದಿದ್ದರೂ ಬಯಾಪ್ಸಿ ತಪ್ಪುವುದಿಲ್ಲ. ಕೆಲವರಲ್ಲಿ ಅಡಿನೋಕಾರ್ಸಿನೋಮಾ ಸ್ಮಾಲ್ ಸೆಲ್ ಕ್ಯಾನ್ಸರ್ ಆಗಿ ರೂಪ ಬದಲಿಸಿರುತ್ತದೆ. ಮೊದಲ ಗಡ್ಡೆಯಲ್ಲೇ ಟಿಪಿ53, ಆರ್‌ಬಿ1 ಎರಡೂ ಕೆಟ್ಟಿದ್ದವರಲ್ಲಿ ಇದರ ಅಪಾಯ ಹೆಚ್ಚು. ಕೋಶದ ರೂಪ ಬದಲಾದದ್ದನ್ನು ಪೆಥಾಲಜಿಸ್ಟ್ ಸ್ಲೈಡ್ ನೋಡಿಯೇ ಹೇಳಬೇಕು, ಮತ್ತು ಆಗ ಕೊಡುವ ಚಿಕಿತ್ಸೆ ಪ್ಲಾಟಿನಂ ಔಷಧದ ಜೊತೆ ಎಟೊಪೊಸೈಡ್ ಕೀಮೋಥೆರಪಿ.