ಬೀಗ ಹಾಗೇ ಇತ್ತು, ಮೆಣಸು ಇರಲಿಲ್ಲ

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಗೋಡೌನಿನಿಂದ ಒಣ ಕಾಳುಮೆಣಸು ಕಳುವಾಯಿತು. ಅವತ್ತು ಊರಲ್ಲಿ ಸುಗ್ಗಿ ಹಬ್ಬ. ನಾವೂ, ಲೈನ್ ಮನೆಯಲ್ಲಿರುವ ತೋಟದ ಕೆಲಸದವರೂ ಎಲ್ಲ ಅಲ್ಲೇ ಇದ್ದೆವು. ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋಗಿತ್ತು. ಬೆಳಿಗ್ಗೆ ಹಿಂದಿನ ಬಾಗಿಲಿಗೆ ಹೋದರೆ ಹಾಕಿದ ಬೀಗ ಹಾಗೇ ನೇತಾಡುತ್ತಿತ್ತು, ಕಿತ್ತ ಚಿಲಕದ ಸಮೇತ. ಚಿಲಕದ ನಾಲ್ಕು ಸ್ಕ್ರೂ ಬಿಚ್ಚಿ ಹೊಸ್ತಿಲ ಮೇಲೆ ಸಾಲಾಗಿ ಇಟ್ಟಿದ್ದರು. ಅಷ್ಟು ಪುರುಸೊತ್ತು ಇತ್ತು ಅವರಿಗೆ. ಆ ಸ್ಕ್ರೂಗಳನ್ನು ನೋಡಿ ನನ್ನ ಕೈಕಾಲು ತಣ್ಣಗಾಯಿತು.

ಸೋಮವಾರಪೇಟೆ ಪಕ್ಕ ನಮ್ಮದು ಆರು ಎಕರೆ ತೋಟ. ಅರೇಬಿಕಾ ಕಾಫಿ, ಜೊತೆಗೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸು. ಯಜಮಾನರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತೇನೆ. ಆಗ ಮೆಣಸು ಕಿಲೋಗೆ 600 ರೂಪಾಯಿ ದಾಟಿತ್ತು. 50 ಕೆಜಿ ಚೀಲ ಅಂದರೆ 30 ಸಾವಿರ, ಬೈಕಿನ ಮೇಲಿಟ್ಟುಕೊಂಡು ಹೋಗಬಹುದು.

ಪೊಲೀಸರು ಬರುವ ಮೊದಲೇ ನಾನು ನೆಲ ಗುಡಿಸಿದ್ದೆ. ಸ್ಕ್ರೂಗಳನ್ನು ಡಬ್ಬಿಗೆ ಹಾಕಿದ್ದೆ. ಬೆರಳಚ್ಚು, ಹೆಜ್ಜೆ ಗುರುತು ಎಲ್ಲ ನನ್ನ ಕೈಯಿಂದಲೇ ಹೋಯಿತು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಏನೂ ಮುಟ್ಟದೆ ಫೋಟೋ ತೆಗೆದು 112ಕ್ಕೆ ಫೋನ್ ಮಾಡಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ದೂರು ಕೊಟ್ಟವರಿಗೆ ಅದನ್ನು ಉಚಿತವಾಗಿ ಕೊಡಬೇಕು ಅಂತ ಕಾನೂನಲ್ಲೇ ಇದೆ.

"ಎಷ್ಟು ಚೀಲ ಹೋಗಿದೆ ಅಮ್ಮ?" ಅಂತ ಕೇಳಿದರು.

"ನಾಲ್ಕೋ ಐದೋ ಸರ್" ಅಂದೆ. ಅದಕ್ಕಿಂತ ಸರಿಯಾಗಿ ಹೇಳಲು ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ.

ಹತ್ತು ದಿನ ಬಿಟ್ಟು ಪೊಲೀಸರು ಒಂದು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಯಾರೋ ಗುರುತಿಲ್ಲದವರು ಮಾರಿದ ಮೂರು ಚೀಲ ಇತ್ತು. ಚೀಲದೊಳಗೆ ಕೈ ಹಾಕಿದೆ. ಕಾಳು ಅಂಗೈ ತುಂಬ ಬಂತು, ದಪ್ಪಗೆ, ಚೆನ್ನಾಗಿ ಒಣಗಿದ್ದು. ನಮ್ಮದೇ ಅಂತ ಮನಸ್ಸು ಹೇಳುತ್ತಿತ್ತು. ಆದರೆ ಮೆಣಸಿನ ಮೇಲೆ ಹೆಸರು ಬರೆದಿರುತ್ತಾ? ನಮ್ಮ ಗುರುತು ಏನು ಅಂತ ಕೇಳಿದಾಗ ಬಾಯಿ ಕಟ್ಟಿತು. ಕೈಲಿದ್ದ ಕಾಳನ್ನು ಮತ್ತೆ ಅದೇ ಚೀಲಕ್ಕೆ ಸುರಿದು ಬಂದೆ.

ಅವತ್ತಿಂದ ತೂಕದ ಪುಸ್ತಕ ಶುರು ಮಾಡಿದೆ. ಕುಯ್ದ ಹಸಿ ಮೆಣಸನ್ನು ಸಂಜೆ ಕುಯ್ದವರ ಎದುರಲ್ಲೇ ತೂಗುತ್ತೇವೆ. ಒಣಗಿದ ಮೇಲೆ ಇನ್ನೊಮ್ಮೆ. ಹಸಿ ಮೆಣಸು ಒಣಗಿದರೆ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಉಳಿಯುತ್ತದೆ. 300 ಕಿಲೋ ಹಸಿಗೆ 100 ಬರಬೇಕು. 95 ಬಂದರೆ ಚಿಂತೆ ಇಲ್ಲ. 75 ಬಂದರೆ ಕಣದಿಂದಲೇ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಿದೆ ಅಂತ ಅರ್ಥ. ರಾತ್ರಿ ಬಾಗಿಲು ಮುರಿಯುವ ಕಳ್ಳನಿಗಿಂತ ಈ ಸೋರಿಕೆ ಜಾಸ್ತಿ ಅಪಾಯ, ಯಾಕಂದರೆ ಪುಸ್ತಕ ಇಲ್ಲದೆ ಇದು ಕಣ್ಣಿಗೇ ಬೀಳಲ್ಲ.

ಚೀಲವನ್ನು ದಬ್ಬಳದಲ್ಲಿ ನಾನೇ ಹೊಲಿಯುತ್ತೇನೆ, ಒಂದೊಂದು ವರ್ಷ ಒಂದೊಂದು ಬಣ್ಣದ ದಾರ. ಒಳಗೆ ಕಾಳಿನ ನಡುವೆ ನಂಬರ್ ಬರೆದ ಚೀಟಿ. ಅದೇ ನಂಬರ್ ಪುಸ್ತಕದಲ್ಲೂ.

ಚಿಲಕಕ್ಕೆ ಈಗ ಸ್ಕ್ರೂ ಇಲ್ಲ. ಬಾಗಿಲಿನ ಆಚೆಯಿಂದ ಈಚೆಗೆ ಬೋಲ್ಟ್ ಹಾಯಿಸಿ, ಒಳಗಡೆ ನಟ್ ಬಿಗಿದು, ಅದರ ಮೇಲೆ ವೆಲ್ಡಿಂಗ್ ಮಾಡಿಸಿದೆ. ಹಿಂಜಸ್‌ಗೂ ಹಾಗೇ. ದುಬಾರಿ ಬೀಗಕ್ಕಿಂತ ಈ ಕೆಲಸಕ್ಕೆ ಕಡಿಮೆ ಖರ್ಚಾಯಿತು. ಕ್ಯಾಮೆರಾ ಮೊದಲೂ ಇತ್ತು, ಆದರೆ ಕರೆಂಟ್ ಹೋದರೆ ಅದೂ ಕುರುಡು. ಈಗ ಇನ್ವರ್ಟರ್‌ಗೆ ಸೇರಿಸಿದ್ದೇನೆ. ರೆಕಾರ್ಡಿಂಗ್ ಪೆಟ್ಟಿಗೆಯನ್ನು ಗೋಡೌನಿನಿಂದ ತೆಗೆದು ಮನೆಯೊಳಗೆ ಇಟ್ಟಿದ್ದೇನೆ. ಕಳ್ಳರು ಅದನ್ನೇ ಹೊತ್ತುಕೊಂಡು ಹೋದರೆ ಏನು ಮಾಡುವುದು, ಅಲ್ವಾ?

ವಿಮೆ ಮಾಡಿಸುವವರು ಷರತ್ತು ಪೂರ್ತಿ ಓದಿ. ಕನ್ನಗಳವಿನ ವಿಮೆಯಲ್ಲಿ ಸಾಮಾನ್ಯವಾಗಿ ಬಲವಂತವಾಗಿ ಒಳಗೆ ನುಗ್ಗಿದ ಗುರುತು ಕೇಳುತ್ತಾರೆ. ಕೆಲಸದವರೇ ತೆಗೆದಿದ್ದರೆ ಅದಕ್ಕೆ ಬೇರೆ ವಿಮೆ.

ಇನ್ನೊಂದು ಮಾತು ಹೇಳಲೇಬೇಕು. ಕಳುವಾದ ದಿನ ನೆಂಟರೆಲ್ಲ ಲೈನ್ ಮನೆ ಕಡೆಗೇ ಬೆರಳು ತೋರಿಸಿದರು. ನಾನೂ ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಕೆಲಸದವರ ಮೇಸ್ತ್ರಿ ಬಂದು, "ಅಕ್ಕ, ಪೊಲೀಸರು ನಮ್ಮನ್ನೂ ಕೇಳಲಿ, ಬೇಡ ಅನ್ನಲ್ಲ. ನೀವು ಮುಖ ತಿರುಗಿಸಬೇಡಿ" ಅಂದ. ಹನ್ನೊಂದು ವರ್ಷದಿಂದ ನಮ್ಮಲ್ಲಿ ದುಡಿಯುತ್ತಿರುವವನು. ಆ ಮಾತು ನನಗೆ ಮೆಣಸು ಹೋದದ್ದಕ್ಕಿಂತ ಜಾಸ್ತಿ ನೋವಾಯಿತು. ಈಗ ಸಂಜೆ ತೂಕ ಕೂಗಿ ಹೇಳುವವನು ಅವನೇ, ಬರೆಯುವವಳು ನಾನು, ಕೆಳಗೆ ಇಬ್ಬರ ಸಹಿ.

ಈ ಸಲ 14 ಚೀಲ ಆಗಿದೆ, ಕೆಂಪು ದಾರ. ಸುಗ್ಗಿಯ ರಾತ್ರಿ ಪಕ್ಕದ ತೋಟದವರ ಜೊತೆ ಸರದಿ ಮಾತಾಡಿಕೊಂಡಿದ್ದೇವೆ. ಅವರು ಹೋಗಿ ಬರುವವರೆಗೆ ಎರಡೂ ಗೋಡೌನು ನಾನು ನೋಡಿಕೊಳ್ಳುತ್ತೇನೆ, ಆಮೇಲೆ ನಾನು ಹೊರಡುತ್ತೇನೆ.